ಅರ್ಧಪಾಶ

ಕೆಂಪಾಪುರದ ಮುಖ್ಯರಸ್ತೆಯಲ್ಲಿ ಒಂದು ಟೈಲ್ಸ್ ಅಂಗಡಿ. ಅದರ ಮೇಲಿನ ಮೂರನೇ ಮಹಡಿಯಲ್ಲಿ ಇಪ್ಪತ್ತಾರು ಮಂದಿ ಕೂತು ವಿಡಿಯೋ ಗೇಮ್ ತಯಾರಿಸುತ್ತಿದ್ದರು. ಅವರಲ್ಲಿ ಮುಸರ್ರತ್‌ಳ ಕೆಲಸವೇನೆಂದು ಯಾರಾದರೂ ಕೇಳಿದರೆ ಅವಳು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: ನಡೆಸುವುದು. ರಾಕ್ಷಸನ ಮೈಕಟ್ಟು, ಬಟ್ಟೆಬರೆ, ಕೋರೆಹಲ್ಲು ಎಲ್ಲವನ್ನೂ ಬೇರೆಯವರು ರೂಪಿಸಿ ಕೊಡುತ್ತಿದ್ದರು. ಆ ಗೊಂಬೆಗೆ ಭಾರ ತುಂಬಿ, ಹೆಜ್ಜೆ ಕಲಿಸಿ, ಓಡಿಸಿ, ಕೊನೆಗೆ ಬೀಳಿಸುವುದು ಅವಳ ಪಾಲಿನದು. ಮೂವತ್ತೊಂದು ವರ್ಷದ ಅವಳಿಗೆ ಆ ವಿದ್ಯೆಯಲ್ಲಿ ಒಳ್ಳೆಯ ಹೆಸರಿತ್ತು. ಆರ್.ಟಿ. ನಗರದ ಮನೆಯಿಂದ ಹೊರಟು ಹೆಬ್ಬಾಳದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಹತ್ತು ಜನರ ನಡಿಗೆಯನ್ನಾದರೂ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಆ ಕಣ್ಣನ್ನು ಅವಳಿಗೆ ಕೊಟ್ಟವರು ವೇಣುಗೋಪಾಲ್. ಜಾಲಹಳ್ಳಿಯ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಮೂವತ್ತೈದು ವರ್ಷ ಗೆರೆ ಎಳೆದವರು. ಮುಸರ್ರತ್‌ಳ ಅಪ್ಪ ತಾಜುದ್ದೀನ್ ಅದೇ ಕಾರ್ಖಾನೆಯ ಕುಲುಮೆಯಲ್ಲಿದ್ದರು. ಎರಡೂ ಮನೆಗಳು ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿದ್ದವು. ಒಂಬತ್ತು ವರ್ಷದ ಮುಸರ್ರತ್ ನೀರಿನ ಸಂಪಿನ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬೆಕ್ಕು ಬರೆಯುತ್ತಿದ್ದುದನ್ನು ಕಂಡು, ಡ್ಯೂಟಿ ಮುಗಿಸಿ ಬರುತ್ತಿದ್ದ ವೇಣುಗೋಪಾಲ್ ಸೈಕಲ್ ನಿಲ್ಲಿಸಿದ್ದರು. ಮಾರನೆಯ ದಿನ ಒಂದು ಕಟ್ಟು ರದ್ದಾದ ನೀಲಿನಕ್ಷೆಗಳನ್ನು ತಂದುಕೊಟ್ಟರು. ಅವುಗಳ ಬೆನ್ನು ಖಾಲಿಯಿತ್ತು. "ಬೆಕ್ಕನ್ನ ಬರೀಬೇಡಮ್ಮ, ಬೆಕ್ಕು ಏನ್ ಮಾಡ್ತಿದೆ ಅದನ್ನ ಬರಿ" ಎಂದಿದ್ದರು. ಪಿಯುಸಿ ಆದಮೇಲೆ ಚಿತ್ರಕಲೆ ಓದುತ್ತೇನೆಂದು ಅವಳು ಹಠ ಹಿಡಿದಾಗ, ತಾಜುದ್ದೀನರ ಪಕ್ಕದಲ್ಲಿ ಒಂದು ಇಡೀ ಸಂಜೆ ಕೂತು ಒಪ್ಪಿಸಿದವರೂ ಅವರೇ. ಅವರಿಗೂ ಅವರ ಹೆಂಡತಿ ಪಂಕಜಾಗೂ ಮಕ್ಕಳಿರಲಿಲ್ಲ. ಅವರ ಬಾಯಲ್ಲಿ ಮುಸರ್ರತ್ ಯಾವಾಗಲೋ ಮುಸ್ರತ್ತಮ್ಮ ಆಗಿಬಿಟ್ಟಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಅಮ್ಮನೊಂದಿಗೆ ಆರ್.ಟಿ. ನಗರಕ್ಕೆ ಬಂದಳು. ಆದರೂ ಭಾನುವಾರ ಬೆಳಗಾದರೆ ಜಾಲಹಳ್ಳಿಯ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ವೇಣುಗೋಪಾಲ್ ನಡೆಯುತ್ತಿದ್ದ ವೇಗಕ್ಕೆ ಕ್ವಾರ್ಟರ್ಸಿನವರು ಅವರನ್ನು ಫಾಸ್ಟ್ ಪ್ಯಾಸೆಂಜರ್ ಎನ್ನುತ್ತಿದ್ದರು. ಅಂಥವರು ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ನಿಂತಲ್ಲೇ ಕುಸಿದರು. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಮಾತು ಸ್ವಲ್ಪ ತೊದಲಿದರೂ ಹೋಗಲಿಲ್ಲ, ಬಲಗೈಗೆ ಏನೂ ಆಗಲಿಲ್ಲ. ಎಡಭಾಗ ಮಾತ್ರ ಅವರದಲ್ಲ ಎನ್ನುವಂತಾಯಿತು. ವ್ಯಾಯಾಮ ಹೇಳಿಕೊಡುತ್ತಿದ್ದ ಫಿಸಿಯೋಥೆರಪಿಸ್ಟ್, ವಾರಕ್ಕೊಮ್ಮೆ ನಡಿಗೆಯ ವಿಡಿಯೋ ಕಳಿಸಿ ಎಂದಿದ್ದ. ಪಂಕಜಾಗೆ ಫೋನಿನಲ್ಲಿ ಅದೆಲ್ಲ ಬಾರದು. "ನೀನೇ ತೆಗ್ದು ಕಳ್ಸಮ್ಮ, ನಿನ್ ಕಣ್ಣು ಚೆನ್ನಾಗಿದೆ" ಎಂದು ಮುಸರ್ರತ್‌ಳಿಗೆ ಒಪ್ಪಿಸಿದರು. ಪ್ರತಿ ಭಾನುವಾರ ಹಜಾರದಲ್ಲಿ ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ. ಅವಳು ತೆಗೆದು ಕಳಿಸುತ್ತಿದ್ದಳು. ವೇಣುಗೋಪಾಲ್ ಅವನ್ನು ತೋರಿಸು ಎಂದು ಒಮ್ಮೆಯೂ ಕೇಳಲಿಲ್ಲ. ಆರು ತಿಂಗಳಲ್ಲಿ ಕೋಲು ಹಿಡಿದು ಪಾರ್ಕಿನ ಗೇಟಿನವರೆಗೂ, ಎಂಟನೇ ತಿಂಗಳಿಗೆ ಪಾರ್ಕಿನೊಳಗೆ ಒಂದು ಸುತ್ತೂ ನಡೆಯುವಂತಾದರು.

ಆ ಹೊತ್ತಿಗೆ ಕೆಂಪಾಪುರದಲ್ಲಿ 'ಒಂಬತ್ತು ಕಣಿವೆ' ಎಂಬ ಹೊಸ ಆಟ ಮುಗಿಯುವ ಹಂತಕ್ಕೆ ಬಂದಿತ್ತು. ಮಾಯಾವಿಗಳು, ಬಂಡೆಯಂಥ ದೈತ್ಯರು, ಕಾಡು, ಕೋಟೆ ಎಲ್ಲ ಇರುವ ಆಟ. ಅಂಥ ಆಟಗಳಲ್ಲಿ ಮಾಯಾಪ್ರಯೋಗಗಳು ಎರಡು ಬಗೆ. ಒಂದು ಬಗೆಯದು ತಾಕಿದರೆ ಶತ್ರುವಿನ ಪ್ರಾಣ ಅಷ್ಟಿಷ್ಟು ಇಳಿಯುತ್ತದೆ. ಇನ್ನೊಂದು ಬಗೆಯದು ನೇರವಾಗಿ ಪ್ರಾಣಕ್ಕೆ ಕೈ ಹಾಕುವುದಿಲ್ಲ, ಸ್ಥಿತಿಯನ್ನೇ ಬದಲಿಸುತ್ತದೆ. ವಿಷ ಏರಿಸುತ್ತದೆ, ನಿದ್ದೆ ಬರಿಸುತ್ತದೆ, ಕಣ್ಣು ಕಟ್ಟುತ್ತದೆ. ಆಟದ ಮಾಟಗಾತಿಗೆ ಈ ಎರಡನೇ ಬಗೆಯದೊಂದು ವಿದ್ಯೆ ಬೇಕಿತ್ತು. ಅವಳು ಬೆಳಕಿನ ಬಳ್ಳಿಯೊಂದನ್ನು ಬೀಸುತ್ತಾಳೆ, ಅದು ಸುತ್ತಿಕೊಂಡವನ ಅರ್ಧ ಮೈ ಸ್ವಲ್ಪ ಹೊತ್ತು ಸತ್ತಂತಾಗುತ್ತದೆ, ಗುರಾಣಿ ಹಿಡಿದ ಕೈ ಜೋತುಬೀಳುತ್ತದೆ, ಅವನಿಡುವ ಒಂದೊಂದು ಹೆಜ್ಜೆಯೂ ಅವನಿಗೇ ಪೆಟ್ಟಾಗುತ್ತದೆ. ಅದಕ್ಕೆ ಅರ್ಧಪಾಶ ಎಂದು ಹೆಸರಿಟ್ಟವನು ಅನಿಕೇತ್, ಮುಸರ್ರತ್‌ಳ ತಂಡದ ಮುಖ್ಯಸ್ಥ.

ಮುಸರ್ರತ್ ಮೂರು ಸಲ ಮಾಡಿ ತೋರಿಸಿದಳು. ಮೂರೂ ಅನಿಕೇತ್‌ಗೆ ಹಿಡಿಸಲಿಲ್ಲ.

"ಇವನು ಕುಡ್ದಿರೋ ಥರ ಕಾಣ್ತಾನೆ ಕಣೇ. ನಂಗೆ ನಗು ಬರ್ಬೇಕು, ಜೊತೆಗೆ ಅಯ್ಯೋ ಅನ್ನಿಸ್ಬೇಕು. ಶುಕ್ರವಾರಕ್ಕೆ ಕೊಡ್ಬೇಕು, ನೆನಪಿದೆಯಲ್ಲ?"

ಬುಧವಾರ ಮಧ್ಯಾಹ್ನ ಅವಳು ಫೋನಿನಲ್ಲಿ ಇನ್ನೇನೋ ಹುಡುಕುತ್ತಿದ್ದಾಗ ಭಾನುವಾರದ ವಿಡಿಯೋ ತಾನಾಗಿ ತೆರೆದುಕೊಂಡಿತು. ಹಜಾರದ ಕೆಂಪು ನೆಲದ ಮೇಲೆ ವೇಣುಗೋಪಾಲ್ ನಡೆದು ಬರುತ್ತಿದ್ದರು. ಅವಳು ನಿಲ್ಲಿಸಲಿಲ್ಲ. ಎರಡನೇ ಸಲ ನೋಡಿದಳು. ಬಳಿಕ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಪಕ್ಕದ ಪರದೆಯಲ್ಲಿ ಒಂದೊಂದೇ ಚೌಕಟ್ಟಾಗಿ ಬಿಡಿಸಿದಳು. ಭುಜ ಇಳಿಯುವುದು, ಮೊಣಕೈ ಮಡಚಿ ಎದೆಗೆ ಅಂಟುವುದು, ಪಾದ ಅರ್ಧಚಂದ್ರಾಕಾರವಾಗಿ ನೆಲವನ್ನು ಸವರಿಕೊಂಡು ಬರುವುದು. ಅವರಿಗೊಂದು ಅಭ್ಯಾಸವಾಗಿತ್ತು. ಎಡಗಾಲು ಎತ್ತುವ ಮುನ್ನ, ಹಟಮಾರಿ ಕರುವನ್ನು ಎಬ್ಬಿಸುವವರಂತೆ, ಬಲಗೈಯಿಂದ ತೊಡೆಯನ್ನು ಎರಡು ಸಲ ತಟ್ಟುತ್ತಿದ್ದರು. ಅದನ್ನೂ ತೆಗೆದುಕೊಂಡಳು. ಮುಖವನ್ನು ಮಾತ್ರ ಮುಟ್ಟುವುದಿಲ್ಲ ಎಂದುಕೊಂಡಿದ್ದಳು. ಸಂಜೆಯ ಹೊತ್ತಿಗೆ ಬಾಯಿಯ ಎಡತುದಿ ಜಾರುವುದನ್ನೂ ತೆಗೆದುಕೊಂಡಾಗಿತ್ತು.

ಕೆಲಸ ಮಾಡುತ್ತಿದ್ದ ಆ ಎರಡು ದಿನ ಅವಳಿಗೆ ಯಾವ ಅಳುಕೂ ಇರಲಿಲ್ಲ. ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಕೊರೆದದ್ದು ಅದೇ. ಆ ಎರಡು ದಿನ ಅವಳು ಸಂತೋಷವಾಗಿದ್ದಳು. ಗೆರೆ ಸರಿಯಾಗಿ ಕೂತಾಗಿನ ಸಂತೋಷ.

ಶುಕ್ರವಾರ ಪರದೆಯ ಮೇಲೆ ಹನ್ನೆರಡು ಅಡಿಯ ದೈತ್ಯ ಅರ್ಧಪಾಶ ತಗುಲಿ ವಾಲಿದ, ತೊಡೆಯನ್ನು ಟಪ್ ಟಪ್ ಎಂದು ತಟ್ಟಿಕೊಂಡ, ಕಾಲೆಳೆದ. ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅನಿಕೇತ್ ಎದ್ದು ನಿಂತು ಚಪ್ಪಾಳೆ ಹೊಡೆದ. "ಇಡೀ ಗೇಮಿಗೆ ಇದೇ ಪ್ರಾಣ ಗುರು!" ಎಂದ. ಎಲ್ಲರೊಂದಿಗೆ ಮುಸರ್ರತ್ ಕೂಡ ನಕ್ಕಳು.

ಆಟ ಬಿಡುಗಡೆಯಾಯಿತು. ಅನಿಕೇತನ ಮಾತು ನಿಜವಾಯಿತು. ಆಡುವವರು ಬೇರೆ ವಿದ್ಯೆಗಳನ್ನೆಲ್ಲ ಬಿಟ್ಟು ಅರ್ಧಪಾಶವನ್ನೇ ಹಿಡಿದರು. ಗೆಲ್ಲುವುದಕ್ಕೇ ಎಂದೇನೂ ಅಲ್ಲ, ಶತ್ರು ಕುಂಟುವುದನ್ನು ನೋಡಲಿಕ್ಕೆ. ಆ ತುಣುಕುಗಳಿಗೆ ತಮಟೆಯ ಸದ್ದು ಸೇರಿಸಿ ಊರೆಲ್ಲ ಹಂಚಿದರು. ಒಂದು ಕಾಲೇಜಿನ ಸಭೆಯಲ್ಲಿ ಮುಸರ್ರತ್‌ಳನ್ನು ವೇದಿಕೆಯ ಮೇಲೆ ಕೂರಿಸಿದ್ದಾಗ, ಇಷ್ಟು ಸಹಜವಾದ ನಡಿಗೆ ಹೇಗೆ ಬಂತು ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು.

"ಸುತ್ತಮುತ್ತ ಜನರನ್ನ ಗಮನಿಸ್ತೀನಿ, ಅಷ್ಟೇ" ಎಂದಳು ಮುಸರ್ರತ್. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ಅದಾಗಿ ಒಂದು ವಾರಕ್ಕೆ ಮತ್ತಿಕೆರೆಯಲ್ಲಿ ಗೆಳತಿಯೊಬ್ಬಳನ್ನು ಕಾಯುತ್ತ ಅವಳು ಟೀ ಅಂಗಡಿಯ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಕಾಲೇಜಿನ ಐದಾರು ಜನರ ಗುಂಪು. ಒಬ್ಬ ಟೀ ತರಲು ಹೊರಟ. ಇನ್ನೊಬ್ಬ ಅವನ ಬೆನ್ನಿಗೆ ಬೆರಳು ತೋರಿಸಿ "ಅರ್ಧಪಾಶ ಬಿತ್ತು ಮಗಾ!" ಎಂದು ಕೂಗಿದ. ಮೊದಲಿನವನು ತಕ್ಷಣ ವಾಲಿಕೊಂಡ. ಮೊಣಕೈ ಎದೆಗೆ ಅಂಟಿತು, ಬಾಯಿ ಎಡಕ್ಕೆ ಜಾರಿತು, ತೊಡೆಯನ್ನು ಎರಡು ಸಲ ತಟ್ಟಿ ಕಾಲೆಳೆಯುತ್ತ ಅಂಗಡಿಯವರೆಗೂ ಹೋದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಚೆನ್ನಾಗಿ ಮಾಡಿದ್ದ. ಮುಸರ್ರತ್‌ಳಿಗೆ ಅವನಲ್ಲಿ ಕಂಡದ್ದು ಆಟದ ದೈತ್ಯನಲ್ಲ. ಅದು ವೇಣುಗೋಪಾಲ್ ಅಂಕಲ್ ಸ್ನಾನದ ಮನೆಯಿಂದ ಹೊರಬರುವ ರೀತಿ. ಕೈಯಲ್ಲಿದ್ದ ಟೀ ಅಲ್ಲೇ ಇಟ್ಟು, ಗೆಳತಿಗೆ ಏನೋ ನೆಪ ಹೇಳಿ ಮನೆಗೆ ಬಂದಳು.

ನಾಲ್ಕು ದಿನ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ. ಅವಳ ಅಮ್ಮ ಗೌಹರ್ ಅದನ್ನು ಗಮನಿಸಿದರು. ಐದನೇ ದಿನ ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, "ಕ್ಯಾ ಹುವಾ, ಬೋಲ್" ಎಂದರು. ಅವಳು ಎಲ್ಲವನ್ನೂ ಹೇಳಿದಳು. ಗೌಹರ್‌ಗೆ ಆಟ, ಪಾಶ, ಚೌಕಟ್ಟು ಯಾವುದೂ ಪೂರ್ತಿ ತಿಳಿಯಲಿಲ್ಲ. ಮಗಳು ಕಾಯಿಲೆಯವರ ವಿಡಿಯೋ ತೆಗೆದು ಜನ ನಗುವುದಕ್ಕೆ ಇಟ್ಟಿದ್ದಾಳೆ ಎಂಬುದು ಮಾತ್ರ ತಿಳಿಯಿತು. ತಮ್ಮ ಮನೆಮಾತಿನಲ್ಲೇ ಹೇಳಿದರು: ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸುತ್ತಾನೆ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು. ಅಲ್ಲಿಗೆ ಹೋಗಿ ಕೇಳು.

ಭಾನುವಾರ ಬೆಳಿಗ್ಗೆ ಅವಳು ಜಾಲಹಳ್ಳಿಗೆ ಹೋದಾಗ ಪಂಕಜಾ ಗೊಜ್ಜವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ವೇಣುಗೋಪಾಲ್ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಮುಸರ್ರತ್ ಕೂರಲೂ ಇಲ್ಲ. ನಿಂತೇ, ಮೊದಲೇ ಕಂಠಪಾಠ ಮಾಡಿ ಬಂದಂತೆ, ಮೊದಲಿಂದ ಕೊನೆಯವರೆಗೂ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಅವಳ ಎದೆ ಹಗುರಾಗುತ್ತಿತ್ತು. ಅದು ಅವಳಿಗೇ ತಿಳಿಯುತ್ತಿತ್ತು.

"ಎಲ್ಲಿ, ತೋರ್ಸು" ಎಂದರು ವೇಣುಗೋಪಾಲ್.

"ಬೇಡ ಅಂಕಲ್."

"ತೋರ್ಸಮ್ಮ. ಇಷ್ಟು ಹೇಳಿದ್ಮೇಲೆ ನೋಡ್ಬೇಡ್ವಾ?"

ಅವಳು ಟ್ಯಾಬ್ಲೆಟ್ ತೆರೆದು ಅವರ ಮಡಿಲಲ್ಲಿಟ್ಟಳು. ದೈತ್ಯ ವಾಲಿದ, ತೊಡೆ ತಟ್ಟಿದ, ಕಾಲೆಳೆದ. "ಮತ್ತೆ ಹಾಕು" ಎಂದರು. ಮೂರು ಸಲ ನೋಡಿದರು. ಕನ್ನಡಕ ಹಣೆಗೇರಿಸಿ, ನಕ್ಷೆ ತಿದ್ದುವಾಗಿನ ಧ್ವನಿಯಲ್ಲಿ, "ಸೊಂಟ ತಪ್ಪಾಗಿದೆ. ಸೊಂಟ ಎತ್ತಿ ಆಮೇಲೆ ತೊಡೆ ತಟ್ಟೋದು ನಾನು. ನೀನು ತಿರುವುಮುರುವು ಮಾಡಿದ್ದೀಯ. ಮಿಕ್ಕಿದ್ದು ಕರೆಕ್ಟಾಗಿದೆ. ಒಳ್ಳೇ ಕೆಲಸ" ಎಂದರು. ಮುಸರ್ರತ್‌ಳ ಕಣ್ಣಲ್ಲಿ ನೀರು ಬಂತು. ಇಷ್ಟು ಸುಲಭವಾಗಿ ಮುಗಿಯಿತೇ ಎಂದುಕೊಂಡಳು.

ಟ್ಯಾಬ್ಲೆಟ್ ವಾಪಸು ಕೊಡುತ್ತ ಅವರು ಕೇಳಿದರು: "ಹಿಂಗಾ ಕಾಣೋದು ನಾನು?"

ಈ ಮನುಷ್ಯ ಲಕ್ವ ಹೊಡೆದಂದಿನಿಂದ ತಾನು ನಡೆಯುವುದನ್ನು ಒಮ್ಮೆಯೂ ನೋಡಿಲ್ಲ ಎಂಬುದು ಅವಳಿಗೆ ಹೊಳೆದದ್ದೇ ಆಗ. ತಮ್ಮ ಒಳಗಿನಿಂದ ನೋಡಿಕೊಂಡರೆ ಅವರು ಇನ್ನೂ ಹಳೆಯ ವೇಣುಗೋಪಾಲರೇ, ಸ್ವಲ್ಪ ನಿಧಾನವಾಗಿದ್ದಾರೆ, ಅಷ್ಟೇ.

ಅಡುಗೆಮನೆಯ ಬಾಗಿಲಲ್ಲಿ ಪಂಕಜಾ ಸೌಟು ಹಿಡಿದುಕೊಂಡೇ ನಿಂತಿದ್ದರು. "ಡಾಕ್ಟ್ರಿಗೆ ತೋರಿಸೋಕೆ ಅಂತ ತಾನೇ ನಿನ್ ಕೈಗೆ ಕೊಟ್ಟಿದ್ದು?" ಎಂದರು.

"ಹೌದು ಆಂಟಿ."

"ಬೇರೆ ಯಾರಾದ್ರೂ ಆಗಿದ್ರೆ ಈ ಮನೆಯೊಳಗೆ ಕ್ಯಾಮೆರಾ ಬಿಡ್ತಿದ್ನಾ ನಾನು?"

"ಬಿಡೇ ಪಂಕಜ, ಮಗು ತಾನಾಗಿ ಬಂದು ಹೇಳಿದೆಯಲ್ಲ" ಎಂದರು ವೇಣುಗೋಪಾಲ್.

"ನಿಮ್ಗೇನ್ರೀ, ಕೆಲಸ ಚೆನ್ನಾಗಿದ್ರೆ ಆಯ್ತು" ಎಂದು ಪಂಕಜಾ ಒಳಗೆ ಹೋದರು. ಅಂದು ಮೂವರೂ ತಿಂಡಿ ತಿಂದರು. ವಿಡಿಯೋ ತೆಗೆಯುವ ಮಾತು ಯಾರೂ ಎತ್ತಲಿಲ್ಲ.

ಮುಂದಿನ ಭಾನುವಾರ ಅವಳು ಹೋದಾಗ ವೇಣುಗೋಪಾಲ್ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಲು ನೋವು ಎಂದರು. ಅದರ ಮುಂದಿನ ವಾರವೂ ಅದೇ ಮಾತು. ಹೊರಡುವಾಗ ಗೇಟಿನವರೆಗೂ ಬಂದ ಪಂಕಜಾ ಹೇಳಿದರು, ಕಾಲಿಗೇನೂ ಆಗಿಲ್ಲವೆಂದು. ಆವತ್ತಿನಿಂದ ಪಾರ್ಕಿಗೆ ಹೋಗಿಲ್ಲ. ಬೀರುವಿನ ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ಇಟ್ಟು ನೋಡಿಕೊಂಡರಂತೆ, ಆಮೇಲೆ ಕನ್ನಡಿಗೆ ಪಂಚೆ ಹೊದಿಸಿದರಂತೆ. ಎಂಟು ತಿಂಗಳು ಕಷ್ಟಪಟ್ಟು ಬಂದ ಕಾಲು ಮತ್ತೆ ಬಿಗಿಯುತ್ತಿದೆ ಎಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದ್ದಾನೆ.

"ಅವ್ರಿಗೆ ಏನೂ ಗೊತ್ತಿರ್ಲಿಲ್ಲ ಮುಸರ್ರತ್. ಆರಾಮಾಗಿ ನಡೀತಿದ್ರು" ಎಂದರು ಪಂಕಜಾ. ಅವರು ಅವಳನ್ನು ಪೂರ್ತಿ ಹೆಸರಿಂದ ಕರೆದದ್ದು ಅದೇ ಮೊದಲು. "ನೀನು ಬಂದು ಹೇಳಿ ಹಗುರಾದೆ. ಭಾರ ಯಾರ ಮೇಲೆ ಬಿತ್ತು ನೋಡು."

ಬಸ್ಸಿನಲ್ಲಿ ಕೂತು ಮುಸರ್ರತ್ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಕದ್ದದ್ದು ಒಂದು ತಪ್ಪು. ಅದನ್ನು ಹೊತ್ತುಕೊಂಡು ಬದುಕಲಾರದೆ, ಕದ್ದ ಮಾಲನ್ನೇ ಅವರ ಮಡಿಲಿಗೆ ಸುರಿದದ್ದು ಅದಕ್ಕಿಂತ ದೊಡ್ಡದು. ಕ್ಷಮೆ ಕೇಳಲು ಹೋದವಳಿಗೆ ಅವರನ್ನು ನೋಡುವ ಕಣ್ಣಿರಲಿಲ್ಲ, ತನ್ನ ಸಂಕಟವೊಂದೇ ಕಾಣುತ್ತಿತ್ತು.

ಸೋಮವಾರ ಅನಿಕೇತ್‌ನ ಬಳಿ ಹೋಗಿ ಅರ್ಧಪಾಶದ ನಡಿಗೆಯನ್ನು ಬದಲಿಸಬೇಕು ಎಂದಳು. ಅವನು ತಮಾಷೆ ಎಂದುಕೊಂಡ.

"ಜನ ಆಡ್ತಿರೋದೇ ಅದಕ್ಕೆ. ತಲೆ ಕೆಟ್ಟಿದೆಯಾ?"

"ಅದು ನನ್ನ ಅಂಕಲ್ ನಡಿಗೆ. ಲಕ್ವ ಹೊಡೆದಿದೆ ಅವ್ರಿಗೆ. ಡಾಕ್ಟ್ರಿಗೆ ಅಂತ ತೆಗೆದ ವಿಡಿಯೋ ನೋಡಿ ಮಾಡಿದ್ದು."

ಅನಿಕೇತ್ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದ. ಎಲ್ಲರೂ ಯಾರನ್ನಾದರೂ ನೋಡಿಯೇ ಮಾಡುವುದು ಎಂದು ಏನೋ ಹೇಳಹೊರಟವನು ಅರ್ಧಕ್ಕೇ ಬಿಟ್ಟ. ಆಮೇಲೆ, "ಅವತ್ತು ನಾನೂ ನಕ್ಕಿದ್ದೆ, ಅಲ್ವಾ?" ಎಂದ. ಒಂದು ವಾರ ಸಮಯ ಕೊಟ್ಟ.

ಈ ಸಲ ಮುಸರ್ರತ್ ಯಾರನ್ನೂ ನೋಡಲಿಲ್ಲ. ತನ್ನ ಎಡಗೈಯನ್ನೂ ಕಾಲನ್ನೂ ದುಪಟ್ಟಾದಿಂದ ಬಿಗಿಯಾಗಿ ಕಟ್ಟಿಕೊಂಡು ಆಫೀಸಿನ ಉದ್ದಕ್ಕೂ ನಡೆದಳು, ಎರಡು ಸಲ ಬಿದ್ದಳು, ಅದನ್ನೇ ಚಿತ್ರಿಸಿಕೊಂಡಳು. ಹೊಸ ದೈತ್ಯ ಬಳ್ಳಿಯಲ್ಲಿ ಸಿಕ್ಕಿಹಾಕಿಕೊಂಡವನಂತೆ ಒದ್ದಾಡುತ್ತಿದ್ದ. ಬಾಯಿ ನೆಟ್ಟಗಿತ್ತು. ಆಟ ಹೊಸ ರೂಪದಲ್ಲಿ ಬಂದಾಗ ಆಡುವವರು ಬೈದರು, ಇದ್ದೊಂದು ಮಜಾನೂ ತೆಗೆದರು ಎಂದು ಬರೆದರು. ಹಳೆಯ ತುಣುಕುಗಳು ಜನರ ಫೋನುಗಳಲ್ಲಿ ಹಾಗೆಯೇ ಓಡಾಡುತ್ತಿದ್ದವು. ಅವನ್ನು ಹಿಂದೆ ಕರೆಯುವ ಶಕ್ತಿ ಅವಳಿಗಿರಲಿಲ್ಲ.

ತೆಗೆದುಹಾಕಿದ್ದನ್ನು ಹೇಳಲು ಹೋದಾಗ ವೇಣುಗೋಪಾಲ್ ಗೋಡೆಯಿಂದ ಇತ್ತ ತಿರುಗಿದರು.

"ತೆಗ್ದುಬಿಟ್ಯಾ? ಯಾಕೆ?"

"ನಿಮ್ಗೆ ನೋವಾಯ್ತಲ್ಲ ಅಂಕಲ್."

"ನೋಡೋಕೆ ಅಸಹ್ಯ ಅಂತ ತೆಗೆದ್ಯೋ?"

"ಅಯ್ಯೋ, ಅಲ್ಲ ಅಂಕಲ್!"

"ಮತ್ತೆ? ಹಾಕುವಾಗ ನನ್ ಕೇಳ್ಲಿಲ್ಲ. ತೆಗಿಯುವಾಗ್ಲೂ ಕೇಳ್ಲಿಲ್ಲ." ಅವರ ತೊದಲು ಸಿಟ್ಟಿನಲ್ಲಿ ಹೆಚ್ಚಾಯಿತು. ಅವಳ ಮೇಲೆ ಅವರು ಸಿಟ್ಟಾದದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಅವಳು ಕಂಡಿರಲಿಲ್ಲ. "ಕಾಲು ನಂದಮ್ಮ. ನೀನೂ ಇವಳೂ ಸೇರ್ಕೊಂಡು ಅದರ ಪಂಚಾಯ್ತಿ ಮಾಡ್ತಿದ್ದೀರಲ್ಲ, ನಾನೇನು ಸತ್ತಿದ್ದೀನಾ?"

ಮುಸರ್ರತ್ ಮಂಚದ ಕೆಳಗೆ ನೆಲದ ಮೇಲೆ ಕೂತಳು. ಏನನ್ನೂ ವಿವರಿಸಲು ಹೋಗಲಿಲ್ಲ. ಕ್ಷಮಿಸಿ ಎಂದೂ ಅನ್ನಲಿಲ್ಲ. ಅವರಿಗೆ ಬೈಯುವುದಿತ್ತು, ಬೈದರು. ಬೈದು ಸುಸ್ತಾಗಿ ನೀರು ಕೇಳಿದರು. ಅವಳು ತಂದುಕೊಟ್ಟಳು.

"ಈಗ ಏನ್ ಮಾಡ್ಲಿ ಅಂಕಲ್?" ಎಂದು ಅವಳು ಕೇಳಿದ್ದು ಆಮೇಲೆ.

"ಏನೂ ಮಾಡ್ಬೇಡ. ಬಾ, ಹೋಗು, ಊಟ ಮಾಡು. ನನ್ನ ಕಾಲಿನ ತಂಟೆಗೆ ಬರ್ಬೇಡ."

ಅವಳು ಹಾಗೇ ಮಾಡಿದಳು. ಮುಂದಿನ ಎಷ್ಟೋ ಭಾನುವಾರ ಹೋದಳು, ಪಂಕಜಾಗೆ ತರಕಾರಿ ಹೆಚ್ಚಿಕೊಟ್ಟಳು, ಪೇಪರ್ ಓದಿ ಹೇಳಿದಳು, ಫೋನನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಫಿಸಿಯೋಥೆರಪಿಸ್ಟ್ ಈಗ ಮನೆಗೇ ಬರುತ್ತಿದ್ದ. ಪಂಕಜಾ ಕಾಫಿ ಕೊಡುತ್ತಿದ್ದರು, ಲೋಟವನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಡುತ್ತಿದ್ದರು. ವೇಣುಗೋಪಾಲ್ ಹಜಾರದಲ್ಲಿ ನಡೆಯಲು ಶುರುಮಾಡಿದ್ದಾರೆ ಎಂಬುದು ಅವಳಿಗೆ ತಿಳಿದದ್ದು ನೆಲದ ಮೇಲಿನ ಕೋಲಿನ ಗುರುತುಗಳಿಂದ. ಅವಳೆದುರು ಅವರು ಏಳುತ್ತಿರಲಿಲ್ಲ.

ಯುಗಾದಿಯ ಹಿಂದಿನ ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ, ಅವರು ಇದ್ದಕ್ಕಿದ್ದಂತೆ ಕ್ಷೌರದ ಅಂಗಡಿಗೆ ಹೋಗಬೇಕು ಎಂದರು. ಇಷ್ಟು ದಿನ ಕ್ಷೌರಿಕ ಮನೆಗೇ ಬಂದುಹೋಗುತ್ತಿದ್ದ.

"ಈ ಬಿಸ್ಲಲ್ಲಾ?" ಎಂದರು ಪಂಕಜಾ.

"ಬಿಸ್ಲಿಗೇ ಹೋಗೋದು. ಹಬ್ಬಕ್ಕೆ ಅಂಗಡೀಲಿ ಕೂತು ಮಾಡಿಸ್ಕೋಬೇಕು. ಮುಸ್ರತ್ತಮ್ಮ, ಎಡಗಡೆ ಬಾ."

ಮೂವರೂ ಹೊರಟರು. ಮುಖ್ಯರಸ್ತೆಯವರೆಗೆ ಇನ್ನೂರು ಮಾರು ದಾರಿ. ಇಪ್ಪತ್ತು ನಿಮಿಷ ಹಿಡಿಯಿತು. ಎದುರಿಗೆ ಬಂದವರಲ್ಲಿ ಕೆಲವರು ನೋಡಿದರು, ಕೆಲವರು ನೋಡಲಿಲ್ಲ. ವೇಣುಗೋಪಾಲ್ ಒಂದೆರಡು ಕಡೆ ನಿಂತರು. ತಲೆ ತಗ್ಗಿಸಲಿಲ್ಲವೆಂದೇನಿಲ್ಲ, ತಗ್ಗಿಸಿದರು, ಮತ್ತೆ ಎತ್ತಿದರು. ಅವರ ಸತ್ತ ತೋಳು ಮುಸರ್ರತ್‌ಳ ಭುಜದ ಮೇಲಿತ್ತು. ಅದು ಅವಳು ಗೊಂಬೆಗೆ ತುಂಬಿದ್ದಕ್ಕಿಂತ ತುಂಬ ಭಾರವಾಗಿತ್ತು.

ಅವರು ಅಂಗಡಿಯ ಕುರ್ಚಿಯಲ್ಲಿ ಕೂತ ಮೇಲೆ ಹೆಂಗಸರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಒಳಗಿನಿಂದ ಕತ್ತರಿಯ ಸದ್ದೂ ವೇಣುಗೋಪಾಲರು ಯಾವುದಕ್ಕೋ ನಗುವುದೂ ಕೇಳಿಸುತ್ತಿತ್ತು.

"ನಿನ್ ಮೇಲಿನ ಸಿಟ್ಟು ನಂಗೆ ಹೋಗಿಲ್ಲ" ಎಂದರು ಪಂಕಜಾ, ರಸ್ತೆಯನ್ನೇ ನೋಡುತ್ತ.

"ಗೊತ್ತು ಆಂಟಿ."

"ಹೋಗುತ್ತೋ ಇಲ್ವೋ ಅದೂ ಗೊತ್ತಿಲ್ಲ."

ಮುಸರ್ರತ್ ತಲೆಯಾಡಿಸಿದಳು.

"ನಿಂಗೆ ಲೇಟಾಗೋದಾದ್ರೆ ಹೊರಡು. ವಾಪಸ್ ನಾನು ಕರ್ಕೊಂಡು ಹೋಗ್ತೀನಿ."

"ಇಲ್ಲ, ಇರ್ತೀನಿ" ಎಂದಳು ಮುಸರ್ರತ್.

ಪಂಕಜಾ ಬೇಡವೆನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬಿಸಿಲು ಬೆಂಚಿನ ಅವರ ಭಾಗಕ್ಕೆ ಬಂತು. ಅವರು ಚಪ್ಪಲಿ ಎಳೆದುಕೊಂಡು ನೆರಳಿರುವ ಕಡೆಗೆ, ಮುಸರ್ರತ್‌ಳ ಪಕ್ಕಕ್ಕೆ, ಸರಿದು ಕೂತರು.